ಅಜ್ಜನ ಪಡಸಾಲೆಯ ವಿಕ್ಟೋರಿಯಾ ಕಾಲದ ಸೋಫಾ ಮತ್ತು ಕುರ್ಚಿಗಳು: ಇವು ಎಲ್ಲಿ ತಯಾರಾದವು, ಇವನ್ನು ಹೇಗೆ ಉಳಿಸಿಕೊಳ್ಳಬೇಕು?

ಪ್ರಶ್ನೆ: ಮಾಳಮಡ್ಡಿಯ ಮೊಮ್ಮಗ, ಧಾರವಾಡ

ಮಾನ್ಯರೇ,

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಹಳೆಯ ಮನೆಯ ದುರಸ್ತಿಯನ್ನು ಈ ಬೇಸಿಗೆಯಲ್ಲಿ ಕೈಗೆತ್ತಿಕೊಂಡಿದ್ದೇವೆ. ಗೋಡೆ, ಮಾಡು, ನೆಲ ಇವುಗಳ ವಿಷಯದಲ್ಲಿ ಮನೆಯವರೆಲ್ಲರೂ ಬೇಗನೆ ಒಮ್ಮತಕ್ಕೆ ಬಂದೆವು. ಪಡಸಾಲೆಯಲ್ಲಿರುವ ಕುರ್ಚಿ ಮತ್ತು ಸೋಫಾಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಎರಡು ತಿಂಗಳಿನಿಂದ ಬಗೆಹರಿಯದೆ ಉಳಿದಿದೆ.

ಅವುಗಳ ವಿವರ ಹೀಗಿದೆ. ಮೂವರು ಕೂಡಬಹುದಾದ ಒಂದು ಸೋಫಾ, ಕೈಗಳಿರುವ ಒಂದು ದೊಡ್ಡ ಕುರ್ಚಿ, ಅದೇ ಕೆತ್ತನೆಯುಳ್ಳ ಆದರೆ ಕೈಗಳಿಲ್ಲದ ಒಂದು ಗಿಡ್ಡ ಕುರ್ಚಿ, ಗುಂಡಗಿನ ಬೆನ್ನಿನ ನಾಲ್ಕು ಚಿಕ್ಕ ಕುರ್ಚಿಗಳು ಮತ್ತು ಬಿಳಿ ಅಮೃತಶಿಲೆಯ ಒಂದು ದುಂಡು ಮೇಜು. ಮರ ಕಪ್ಪಗಿದೆ, ಬಹಳ ಭಾರವಾಗಿದೆ. ಕುರ್ಚಿಗಳ ಬೆನ್ನಿನ ಮೇಲ್ತುದಿಯಲ್ಲಿ ದ್ರಾಕ್ಷಿಯ ಗೊಂಚಲು, ಅದರ ಎರಡೂ ಪಕ್ಕದಲ್ಲಿ ಎಲೆಗಳು, ಕೆಳಗೆ ಗುಲಾಬಿಯಂತೆ ಕಾಣುವ ಹೂವು ಇವೆ. ಮುಂಗಾಲುಗಳು ಮೊಣಕಾಲಿನ ಬಳಿ ಹೊರಕ್ಕೆ ಉಬ್ಬಿ, ಪಾದದ ಬಳಿ ಒಳಕ್ಕೆ ಸರಿದು, ಮತ್ತೆ ಸಣ್ಣದಾಗಿ ಸುರುಳಿಗೊಂಡಿವೆ. ಸೋಫಾದ ಕಾಲುಗಳಿಗೆ ಮಾತ್ರ ಹಿತ್ತಾಳೆಯ ಗಾಲಿಗಳಿವೆ. ಆಸನಗಳ ಮೇಲೆ ಈಗ ಹಸಿರು ಬಣ್ಣದ ರೆಕ್ಸಿನ್ ಇದ್ದು, ಅದು ನನ್ನ ತಂದೆಯವರ ಕಾಲದ್ದು.

ನಮ್ಮ ಮುತ್ತಜ್ಜನವರು ಧಾರವಾಡದಲ್ಲಿದ್ದ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರೆಂದೂ, ಸಾಹೇಬರೊಬ್ಬರು ಬಂಗಲೆ ಖಾಲಿ ಮಾಡಿದಾಗ ಲಿಲಾವಿನಲ್ಲಿ ಈ ಸಾಮಾನುಗಳನ್ನು ಕೊಂಡರೆಂದೂ ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಇವು ವಿಕ್ಟೋರಿಯಾ ರಾಣಿಯ ಕಾಲದವು ಮತ್ತು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು ಎಂಬುದು ಅಜ್ಜನವರ ದೃಢವಾದ ನಂಬಿಕೆಯಾಗಿತ್ತು. ಕಳೆದ ತಿಂಗಳು ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಬಂದು ನೋಡಿ, ಇವು ಇಂಗ್ಲೆಂಡಿನವಲ್ಲ, ಆದ್ದರಿಂದ ಬೆಲೆಯಿಲ್ಲ ಎಂದು ಹೇಳಿ, ಆ ಮಾತು ಮುಗಿಯುವ ಮೊದಲೇ ಎಲ್ಲವನ್ನೂ ಒಟ್ಟಿಗೆ ಒಯ್ಯಲು ಮುಂದಾದರು. ಅದೇ ವಾರ ನಾವು ಕರೆಸಿದ್ದ ಮರಗೆಲಸದವರು ಬೇರೊಂದು ಸಲಹೆ ಕೊಟ್ಟರು: ಯಂತ್ರದಿಂದ ಉಜ್ಜಿ ಹಳೆಯ ಬಣ್ಣವನ್ನೆಲ್ಲ ತೆಗೆದು ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯುವುದು, ಆಸನಗಳಿಗೆ ಫೋಮ್ ಹಾಕುವುದು, ಮತ್ತು ಕೈ ಮುರಿದುಹೋಗಿರುವ ಗಿಡ್ಡ ಕುರ್ಚಿಗೆ ಹೊಸ ಕೈಗಳನ್ನು ಜೋಡಿಸುವುದು.

ನಾನು ಕೇಳಬಯಸುವುದು ಇಷ್ಟು. ಇವು ಎಲ್ಲಿ ತಯಾರಾದವು ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಿ ತಿಳಿಯುವ ದಾರಿ ಇದೆಯೇ? ಇಂಥವನ್ನು ಮಾಡಿಸಿದವರು ಯಾರು, ಇಷ್ಟೊಂದು ಕೆತ್ತನೆ ಅವರಿಗೆ ಏಕೆ ಬೇಕಾಗಿತ್ತು? ಮರಗೆಲಸದವರ ಸಲಹೆಯಂತೆ ನಡೆಯಬಹುದೇ? ಆ ಕುರ್ಚಿಯ ಮೇಲೆ ಕುಳಿತು ಅಜ್ಜನವರು ನನಗೆ ಮಗ್ಗಿ ಕಲಿಸಿದ್ದರು. ತಪ್ಪು ನಿರ್ಧಾರ ಮಾಡಿ ಆಮೇಲೆ ಕೊರಗುವುದು ನನಗೆ ಬೇಡವಾಗಿದೆ.

ಉತ್ತರ 1: ಕೆತ್ತನೆ ಕೆಲಸದವ, ಹುಬ್ಬಳ್ಳಿ

ನಮಸ್ಕಾರ. ತಾವು ಹಾಕಿರುವ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದೇನೆ. ನಮ್ಮದು ತಲೆತಲಾಂತರದಿಂದ ಮರಗೆಲಸ ಮಾಡಿಕೊಂಡು ಬಂದ ಮನೆತನ. ನಮ್ಮ ಅಜ್ಜ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಡಬ್ಬಿಗಳ ಮರಗೆಲಸ ಮಾಡುತ್ತಿದ್ದರು. ನಾನು ಮೂವತ್ತು ವರ್ಷಗಳಿಂದ ಹಳೆಯ ಕುರ್ಚಿ, ಮಂಚ ಮತ್ತು ತೂಗುಮಂಚಗಳನ್ನು ದುರಸ್ತಿ ಮಾಡುತ್ತಿದ್ದೇನೆ.

ಮೊದಲನೆಯದಾಗಿ, ದಯವಿಟ್ಟು ಆ ಗಿಡ್ಡ ಕುರ್ಚಿಗೆ ಕೈಗಳನ್ನು ಜೋಡಿಸಬೇಡಿರಿ. ಅದರ ಕೈ ಮುರಿದಿಲ್ಲ. ಹುಟ್ಟುವಾಗಲೇ ಅದಕ್ಕೆ ಕೈಗಳಿರಲಿಲ್ಲ. ವಿಕ್ಟೋರಿಯಾ ಕಾಲದ ಪಾರ್ಲರ್ (ಅತಿಥಿಗಳನ್ನು ಕೂಡಿಸುವ ಕೋಣೆ) ಸೆಟ್ಟುಗಳಲ್ಲಿ ಗಂಡಸರಿಗೆಂದು ಕೈಗಳಿರುವ ಎತ್ತರದ ಕುರ್ಚಿಯೊಂದು, ಹೆಂಗಸರಿಗೆಂದು ಕೈಗಳಿಲ್ಲದ ಅಥವಾ ಕೈಗಳು ಬಹಳ ಚಿಕ್ಕದಾಗಿರುವ, ಆಸನ ತಗ್ಗಾದ ಕುರ್ಚಿಯೊಂದು ಇರುವುದು ವಾಡಿಕೆ. ಆಗಿನ ಆಂಗ್ಲ ಹೆಂಗಸರ ಲಂಗಗಳು ಬಹಳ ಅಗಲವಾಗಿದ್ದವು. 1856ರ ಸುಮಾರಿಗೆ ಉಕ್ಕಿನ ಬಳೆಗಳ ಹಂದರವೇ ಲಂಗದೊಳಗೆ ಬಂದಿತು. ಅಂಥ ಉಡುಪಿನಲ್ಲಿ ಕೈಗಳಿರುವ ಕುರ್ಚಿಯಲ್ಲಿ ಕೂಡುವುದು ಸುಲಭವಲ್ಲ. ಸೋಫಾ ಒಂದು, ಈ ಎರಡು ಕುರ್ಚಿ, ನಾಲ್ಕು ಚಿಕ್ಕ ಕುರ್ಚಿ ಸೇರಿ ಏಳಾಗುತ್ತವೆ. ಏಳು ಕೂಡಿದ ಸೆಟ್ಟು ಆ ಕಾಲದಲ್ಲಿ ಬಹಳ ರೂಢಿಯಲ್ಲಿತ್ತು. ತಮ್ಮಲ್ಲಿ ಅದು ಒಂದೂ ತಪ್ಪದೆ ಉಳಿದಿದೆ, ಇದು ಅಪರೂಪ.

ಇನ್ನು ಎಲ್ಲಿ ತಯಾರಾದವು ಎಂಬ ವಿಷಯ. ಮುಂಭಾಗದ ಕೆತ್ತನೆಯನ್ನು ನೋಡಿ ಇದನ್ನು ನಿರ್ಧರಿಸಲು ಹೋಗಬೇಡಿರಿ. ದ್ರಾಕ್ಷಿ, ಗುಲಾಬಿ ಮತ್ತು ಬಾಗಿದ ಕಾಲು ಇವೆಲ್ಲ ಹದಿನೆಂಟನೆಯ ಶತಮಾನದ ಫ್ರೆಂಚ್ ರೊಕೊಕೊ ಎಂಬ ಬಾಗುಗೆರೆ, ಹೂಬಳ್ಳಿಗಳ ಅಲಂಕಾರ ಶೈಲಿಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮತ್ತೆ ಬಳಕೆಗೆ ತಂದಾಗ ಹರಡಿದ ಮಾದರಿಗಳು. ಲಂಡನ್ನಿನಲ್ಲಿಯೂ ಅವೇ, ನ್ಯೂಯಾರ್ಕಿನಲ್ಲಿಯೂ ಅವೇ, ಮುಂಬಯಿಯಲ್ಲಿಯೂ ಅವೇ. ಕುರ್ಚಿಯನ್ನು ಬೋರಲು ಹಾಕಿರಿ. ಎದುರಿನಿಂದ ಕಾಣುವ ಭಾಗವನ್ನು ಮಾಡಿದವನು ಗಿರಾಕಿಯ ಮನಸ್ಸನ್ನು ನೋಡಿ ಮಾಡಿರುತ್ತಾನೆ. ಅಡಿಯ ಭಾಗವನ್ನು ತನ್ನ ಊರಿನ ರೂಢಿಯಂತೆ, ಕೈಗೆ ಸಿಕ್ಕ ಮರದಿಂದ ಮಾಡಿರುತ್ತಾನೆ.

ಅಲ್ಲಿ ನೋಡಬೇಕಾದ ಮೊದಲ ಸಂಗತಿ, ರೆಕ್ಸಿನ್ನಿನ ಒಳಗೆ ಮುಚ್ಚಿಹೋಗಿರುವ ಚೌಕಟ್ಟಿನ ಮರ ಯಾವುದು ಎಂಬುದು. ಇಂಗ್ಲೆಂಡಿನ ಬಡಿಗರು ಹೊರಗೆ ಕಾಣುವ ಕಡೆ ರೋಸ್‌ವುಡ್, ವಾಲ್ನಟ್ ಅಥವಾ ಮಹಾಗನಿ ಬಳಸಿ, ಬಟ್ಟೆಯ ಒಳಗೆ ಅಡಗುವ ಪಟ್ಟಿಗಳಿಗೆ ಸಾಮಾನ್ಯವಾಗಿ ಬೀಚ್ ಎಂಬ ತಿಳಿಬಣ್ಣದ ಅಗ್ಗದ ಮರವನ್ನು ಹಾಕುತ್ತಿದ್ದರು. ಬೀಚ್ ಮರ ನಮ್ಮ ಕಡೆಯ ಗೆದ್ದಲು ಮತ್ತು ಕುಟ್ಟೆಹುಳುವಿಗೆ ಸುಲಭದ ತುತ್ತು. ಒಳಗಿನ ಪಟ್ಟಿ ಸಾಗವಾನಿಯದಾಗಿದ್ದರೆ ಅಥವಾ ಹೊರಗಿನದೇ ಕರಿಮರವಾಗಿದ್ದರೆ, ಅದು ಈ ದೇಶದಲ್ಲಿಯೇ ತಯಾರಾದದ್ದೆಂದು ಬಹುಮಟ್ಟಿಗೆ ಹೇಳಬಹುದು. ತಾವು ಭಾರವಾದ ಕಪ್ಪು ಮರವೆಂದು ಬರೆದಿರುವುದು ಬೀಟೆಯೇ ಇರಬೇಕು. ಇಂಗ್ಲಿಷರು ಭಾರತದ ರೋಸ್‌ವುಡ್ ಎನ್ನುವುದೂ, ಮುಂಬಯಿಯ ವ್ಯಾಪಾರಿಗಳು ಬ್ಲ್ಯಾಕ್‌ವುಡ್ ಎನ್ನುತ್ತಿದ್ದುದೂ ಇದನ್ನೇ. ಈ ಮರ ಹಡಗಿನಲ್ಲಿ ಇಂಗ್ಲೆಂಡಿಗೂ ಹೋಗುತ್ತಿತ್ತು, ಆದ್ದರಿಂದ ಹೊರಗಿನ ಮರವೊಂದನ್ನೇ ಸಾಕ್ಷಿಯಾಗಿ ಹಿಡಿಯಲು ಬರುವುದಿಲ್ಲ.

ಎರಡನೆಯದು ಗರಗಸದ ಗುರುತು. ಪಾಲಿಶ್ ಕಾಣದ ಒಳಮೈಯನ್ನು ಓರೆಯಾಗಿ ಹಿಡಿದ ದೀಪದ ಬೆಳಕಿನಲ್ಲಿ ನೋಡಿರಿ. ಗೀರುಗಳು ಕಮಾನಿನಂತೆ ಬಾಗಿದ್ದರೆ ಚಕ್ರಗರಗಸದಿಂದ ಕೊಯ್ದದ್ದು. ನೇರವಾಗಿದ್ದು ನಡುನಡುವೆ ಅಂತರ ತಪ್ಪಿದ್ದರೆ, ಒಬ್ಬನು ಮೇಲೆ ಒಬ್ಬನು ಕೆಳಗೆ ನಿಂತು ಎಳೆಯುವ ದೊಡ್ಡ ಗರಗಸದಿಂದ ಕೊಯ್ದದ್ದು.

ಮೂರನೆಯದು ಸ್ಕ್ರೂಗಳು. ಒಂದನ್ನು ಜೋಪಾನವಾಗಿ ಬಿಚ್ಚಿ ತುದಿ ನೋಡಿರಿ. ತುದಿ ಮೊಂಡಾಗಿದ್ದರೆ ಅದು ಹಳೆಯ ಕ್ರಮದ್ದು. ಚೂಪಾದ ತುದಿಯ, ಯಂತ್ರದಿಂದ ಮಾಡಿದ ಸ್ಕ್ರೂಗಳು 1850ರ ದಶಕದಿಂದ ಬರ್ಮಿಂಗ್‌ಹ್ಯಾಮಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿ ಎಲ್ಲ ಕಡೆ ಹರಡಿದವು. ಸೋಫಾದ ಹಿತ್ತಾಳೆ ಗಾಲಿಗಳನ್ನೂ ಒರೆಸಿ ನೋಡಿರಿ. ಅಲ್ಲಿ ವಜ್ರದ ಆಕಾರದ ಚಿಕ್ಕ ಮುದ್ರೆಯೇನಾದರೂ ಇದ್ದರೆ ಅದು ಬ್ರಿಟನ್ನಿನಲ್ಲಿ ವಿನ್ಯಾಸವನ್ನು ನೋಂದಾಯಿಸಿದ ಗುರುತು. 1842ರಿಂದ 1883ರವರೆಗೆ ಮಾತ್ರ ಅಂಥ ಮುದ್ರೆ ಬಳಕೆಯಲ್ಲಿತ್ತು. ಗಾಲಿ ಇಂಗ್ಲೆಂಡಿನದಾಗಿದ್ದ ಮಾತ್ರಕ್ಕೆ ಸೋಫಾ ಅಲ್ಲಿಯದಾಗುವುದಿಲ್ಲ. ಬಿಡಿ ಗಾಲಿಗಳನ್ನು ತರಿಸಿ ಇಲ್ಲಿ ಜೋಡಿಸಿರಲೂ ಸಾಕು.

ಕೊನೆಯದಾಗಿ, ಒಂದು ಚಿಕ್ಕ ಕುರ್ಚಿಯ ರೆಕ್ಸಿನ್ ಹೇಗೂ ಹರಿದಿದೆ. ಅದನ್ನು ಬಿಚ್ಚಿ, ಆಸನದ ಚೌಕಟ್ಟಿನ ಒಳ ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿವೆಯೇ ನೋಡಿ ತಿಳಿಸಿರಿ. ಅದು ಬಹಳ ಮುಖ್ಯ. ಪಾಲಿಶಿನ ವಿಷಯವನ್ನು ತಾವು ಇಷ್ಟನ್ನು ನೋಡಿ ಹೇಳಿದ ಮೇಲೆ ಬರೆಯುತ್ತೇನೆ. ಅಲ್ಲಿಯವರೆಗೆ ಉಜ್ಜುವ ಯಂತ್ರವನ್ನು ಹತ್ತಿರ ಬಿಡಬೇಡಿರಿ.

ಉತ್ತರ 2: ಇತಿಹಾಸದ ವಿದ್ಯಾರ್ಥಿನಿ, ಗದಗ

ಎರಡನೆಯ ಪ್ರಶ್ನೆಗೆ, ಎಂದರೆ ಇವುಗಳ ಒಡೆಯರು ಯಾರು ಎಂಬುದಕ್ಕೆ, ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ವಿಕ್ಟೋರಿಯಾ ಆಳಿದ್ದು 1837ರಿಂದ 1901ರವರೆಗೆ. ಆ ಅವಧಿಯಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಕಾರ್ಖಾನೆ, ವ್ಯಾಪಾರ, ವಕೀಲಿ, ಸರಕಾರಿ ನೌಕರಿಗಳಿಂದ ಕೈಯಲ್ಲಿ ಹಣ ಕಂಡ ಮಧ್ಯಮ ವರ್ಗವೊಂದು ದೊಡ್ಡದಾಗಿ ಬೆಳೆಯಿತು. ಅವರಿಗೆ ವಂಶಪಾರಂಪರ್ಯವಾಗಿ ಬಂದ ಅರಮನೆಗಳಿರಲಿಲ್ಲ. ಬಂದವರ ಕಣ್ಣಿಗೆ ತಮ್ಮ ಸ್ಥಾನವನ್ನು ತೋರಿಸಲು ಅವರ ಬಳಿ ಇದ್ದುದು ಮನೆಯ ಮುಂದಿನ ಒಂದು ಕೋಣೆ. ಅದೇ ಪಾರ್ಲರ್. ಮನೆಯ ಅತ್ಯುತ್ತಮ ಸಾಮಾನುಗಳೆಲ್ಲ ಅಲ್ಲಿರುತ್ತಿದ್ದವು. ಮನೆಯವರು ಮಾತ್ರ ಬಹುತೇಕ ಹಿಂದಿನ ಕೋಣೆಗಳಲ್ಲಿ ಬಾಳುತ್ತಿದ್ದರು. ಬಟ್ಟೆಯ ಬಣ್ಣ ಮಾಸದಿರಲೆಂದು ಕಿಟಕಿಯ ಪರದೆಗಳನ್ನು ಎಳೆದಿಡುತ್ತಿದ್ದರು. ಭಾನುವಾರಗಳಂದು, ಅತಿಥಿಗಳು ಬಂದಾಗ, ಮದುವೆಯ ಮಾತುಕತೆಗೆ, ಮನೆಯಲ್ಲಿ ಸಾವಾದರೆ ಶವವನ್ನು ದರ್ಶನಕ್ಕಿಡಲು ಆ ಕೋಣೆ ತೆರೆಯುತ್ತಿತ್ತು.

ಕೆತ್ತನೆ ಅಷ್ಟೊಂದು ಏಕೆ ಎಂದು ತಾವು ಕೇಳಿದ್ದೀರಿ. ಕೆತ್ತನೆ ಹಿಂದೆ ಕೇವಲ ಶ್ರೀಮಂತರ ಸೊತ್ತಾಗಿತ್ತು. ಯಂತ್ರಗಳು ಬಂದ ಮೇಲೆ ಅದು ಮಧ್ಯಮ ವರ್ಗದ ಕೈಗೆ ಎಟುಕಿತು. ಮರವನ್ನು ಕೆತ್ತುವ ಯಂತ್ರವೊಂದಕ್ಕೆ 1845ರಲ್ಲಿಯೇ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತು, ಲಂಡನ್ನಿನ ಪಾರ್ಲಿಮೆಂಟ್ ಭವನದ ಮರಗೆಲಸಕ್ಕೂ ಅದನ್ನು ಬಳಸಿದರು. ಆದರೂ ಒಳ್ಳೆಯ ಕೆಲಸದ ಕೊನೆಯ ರೂಪವನ್ನು ಕೈಯುಳಿಯೇ ಕೊಡುತ್ತಿತ್ತು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಜರ್ಮನಿಯ ಕುಶಲಕರ್ಮಿ ಜಾನ್ ಹೆನ್ರಿ ಬೆಲ್ಟರ್, ರೋಸ್‌ವುಡ್ಡಿನ ತೆಳುಹಲಗೆಗಳನ್ನು ಎಳೆಯ ದಿಕ್ಕು ಅಡ್ಡ ಉದ್ದವಾಗುವಂತೆ ಒಂದರ ಮೇಲೊಂದು ಅಂಟಿಸಿ, ಅಚ್ಚಿನಲ್ಲಿ ಬಾಗಿಸಿ, ಆಮೇಲೆ ಜಾಲರಿಯಂತೆ ಕೊರೆದು ಕೆತ್ತಿಸುತ್ತಿದ್ದನು. ಒಂದೇ ದಪ್ಪ ಹಲಗೆಯಲ್ಲಿ ಅಷ್ಟು ಸೂಕ್ಷ್ಮವಾಗಿ ಕೊರೆದರೆ ಎಳೆಯ ಗುಂಟ ಸೀಳುತ್ತಿತ್ತು. ಅವನ ಸೋಫಾಗಳ ಬೆನ್ನು ತೆಳ್ಳಗಿದ್ದೂ ಮುರಿಯದಿರುವುದರ ಗುಟ್ಟು ಇದು. ಸೋಫಾಗಳಲ್ಲಿ ಸ್ಪ್ರಿಂಗ್ ಹಾಕಿದ ಮೆತ್ತನೆಯ ಆಸನಗಳು ಹರಡಿದ್ದೂ ಆ ಶತಮಾನದಲ್ಲಿಯೇ. ಆಸನಕ್ಕೆ ಸುರುಳಿ ಸ್ಪ್ರಿಂಗ್ ಹಾಕುವ ಕ್ರಮಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದು 1828ರಲ್ಲಿ. ಪಟ್ಟಿ, ಅದರ ಮೇಲೆ ಸ್ಪ್ರಿಂಗ್, ಅದರ ಮೇಲೆ ಗೋಣಿಬಟ್ಟೆ, ಕುದುರೆಯ ಕೂದಲು, ಮತ್ತೆ ಬಟ್ಟೆ, ಕೊನೆಗೆ ಗುಂಡಿಗಳನ್ನು ಆಳವಾಗಿ ಎಳೆದು ಕಟ್ಟಿದ ಮಖಮಲ್ಲು. ಹೀಗೆ ಪದರ ಪದರವಾಗಿ ಕಟ್ಟುತ್ತಿದ್ದರು.

ಈ ರುಚಿಯನ್ನು ಆ ಕಾಲದವರೆಲ್ಲರೂ ಮೆಚ್ಚಿರಲಿಲ್ಲ. 1868ರಲ್ಲಿ ಚಾರ್ಲ್ಸ್ ಈಸ್ಟ್‌ಲೇಕ್ ಗೃಹಾಲಂಕಾರದ ಬಗ್ಗೆ ಪುಸ್ತಕ ಬರೆದು, ಬಾಗಿದ ಕಾಲು ಮತ್ತು ಅಂಟಿಸಿದ ಅಲಂಕಾರಗಳನ್ನು ಖಂಡಿಸಿದನು, ನೇರ ಗೆರೆಗಳ ಗಟ್ಟಿ ಪೀಠೋಪಕರಣಗಳನ್ನು ಎತ್ತಿಹಿಡಿದನು. ಅತ್ತ ವಿಯೆನ್ನಾದಲ್ಲಿ ಮಿಖಾಯೆಲ್ ತೋನೆಟ್ ಮರವನ್ನು ಉಗಿಯಲ್ಲಿ ಬಾಗಿಸಿ, ಆರೇ ತುಂಡುಗಳನ್ನು ಸ್ಕ್ರೂಗಳಿಂದ ಜೋಡಿಸುವ ಬೆತ್ತದಾಸನದ ಕುರ್ಚಿಯನ್ನು 1859ರಲ್ಲಿ ಹೊರತಂದನು. ಬಿಚ್ಚಿಟ್ಟರೆ ಅಂಥ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ನಮ್ಮ ಕಡೆಯ ಹಳೆಯ ಹೋಟೆಲುಗಳಲ್ಲಿ ಕಾಣುತ್ತಿದ್ದ ಬಾಗುಮರದ ಕುರ್ಚಿಗಳು ಇದೇ ಕುಲದವು.

ಇನ್ನು ನಮ್ಮ ಸೀಮೆಯ ಮಾತು. 1818ರಲ್ಲಿ ಪೇಶ್ವೆ ಆಳಿಕೆ ಕೊನೆಗೊಂಡ ಮೇಲೆ ಧಾರವಾಡವು ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿತು. ಆದ್ದರಿಂದ ನಮ್ಮ ಶ್ರೀಮಂತ ಮನೆಗಳ ಕಣ್ಣು ಮದರಾಸಿನ ಕಡೆಗಿರದೆ ಮುಂಬಯಿಯ ಕಡೆಗೇ ಇತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಗದಗ, ಹುಬ್ಬಳ್ಳಿ ಮತ್ತು ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಈ ಹತ್ತಿಗೆ ಲಿವರ್‌ಪೂಲಿನ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರು. ಯುದ್ಧ ನಿಂತೊಡನೆ ಬೆಲೆ ಕುಸಿದು ಅನೇಕರು ಮುಳುಗಿದರು. ಮ್ಯಾಂಚೆಸ್ಟರಿನ ಗಿರಣಿಯವನ ಪಾರ್ಲರೂ ನಮ್ಮ ಹತ್ತಿ ವ್ಯಾಪಾರಿಯ ದಿವಾಣಖಾನೆಯೂ ಒಂದೇ ಬೆಳೆಯಿಂದ ಹುಟ್ಟಿದವು. ಬೆಳೆದ ರೈತನ ಮನೆಯಲ್ಲಿ ಮಾತ್ರ ಕಂಬಳಿಯೇ ಉಳಿಯಿತು. ಈ ಕುರ್ಚಿಗಳ ಚೆಲುವನ್ನು ಮೆಚ್ಚುವಾಗಲೂ ನಾನು ಇದನ್ನು ಮರೆಯಲಾರೆ.

ತಮ್ಮ ಮನೆಯ ಕಥೆಗೆ ಹೊಂದುವ ಒಂದು ಸಂಗತಿಯಿದೆ. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದರಾಸ್ ರೈಲ್ವೆಯೊಡನೆ ಒಂದಾಯಿತು, ಮುಖ್ಯ ಕಚೇರಿ ಮದರಾಸಿನದಾಯಿತು. ಧಾರವಾಡದ ಆ ಕಟ್ಟಡದಲ್ಲಿಯೇ ಮುಂದೆ, 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜು ನೆಲೆಗೊಂಡಿತು. ಮುತ್ತಜ್ಜನವರು ರೈಲ್ವೆ ಗುಮಾಸ್ತರಾಗಿದ್ದರೆಂಬುದು ನಿಜವಾದರೆ, ಸಾಹೇಬರು ಬಂಗಲೆ ಖಾಲಿ ಮಾಡಿದ್ದು ಆ ಸುಮಾರಿನಲ್ಲಿಯೇ ಇರಬಹುದು. ವರ್ಗವಾದ ಅಧಿಕಾರಿಗಳು ಭಾರವಾದ ಸಾಮಾನುಗಳನ್ನು ಹೊತ್ತೊಯ್ಯದೆ ಲಿಲಾವು ಹಾಕಿಸಿ ಹೋಗುವುದು ಬ್ರಿಟಿಷರ ಕಾಲದ ಎಲ್ಲ ಊರುಗಳಲ್ಲಿಯೂ ನಡೆಯುತ್ತಿತ್ತು. ಮನೆಯ ಹಳೆಯ ಲೆಕ್ಕದ ವಹಿಗಳಿದ್ದರೆ 1908ರ ಆಚೀಚಿನ ವರ್ಷಗಳನ್ನು ಹುಡುಕಿ ನೋಡಿರಿ.

ಉತ್ತರ 3: ಹಾವೇರಿಯ ಓದುಗ

ನಮ್ಮ ಮನೆಯಲ್ಲಿ ಕುರ್ಚಿಗಳಿಲ್ಲ, ಆದರೆ ಇದೇ ಕಾಲದ್ದೆಂದು ತೋರುವ ಮರದ ಒಂದು ಸ್ಟ್ಯಾಂಡು ಇದೆ. ನಾಲ್ಕು ಅಂತಸ್ತುಗಳು, ಮೂಲೆಗಳಲ್ಲಿ ತಿರುಚಿದ ಕಂಬಗಳು, ಕೆಳಗೆ ಒಂದು ಚಿಕ್ಕ ಖಾನೆ. ಇಂಗ್ಲೆಂಡಿನ ಪಾರ್ಲರುಗಳಲ್ಲಿ ಶಂಖ, ಪಿಂಗಾಣಿ ಬೊಂಬೆ ಮತ್ತು ಸಣ್ಣಪುಟ್ಟ ಸಾಮಾನುಗಳನ್ನು ತೋರಿಕೆಗೆ ಇಡಲು ಇಂಥದನ್ನು ಬಳಸುತ್ತಿದ್ದರು, ಇದಕ್ಕೆ ವಾಟ್‌ನಾಟ್ ಎನ್ನುತ್ತಿದ್ದರು ಎಂದು ಓದಿದ್ದೇನೆ. ನಮ್ಮ ಮನೆಯಲ್ಲಿ ಎಷ್ಟೋ ತಲೆಮಾರಿನಿಂದ ಗಣಪತಿಯನ್ನು ಕೂಡಿಸುವುದು ಇದರ ಮೇಲೆಯೇ. ಮೇಲಿನ ಅಂತಸ್ತಿನಲ್ಲಿ ಎಣ್ಣೆ ಸೋರಿ ಕರಿಯ ಕಲೆಯಾಗಿದೆ, ಕುಂಕುಮ ಕೆತ್ತನೆಯ ಸಂದಿಯಲ್ಲಿ ನಿಂತಿದೆ. ಅದನ್ನು ತೆಗೆಸಬೇಕೇ ಎಂದು ಮರಗೆಲಸ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ಮನೆಯೊಡತಿ, ಹುಬ್ಬಳ್ಳಿ

ಒಡೆಯರ ವಿಷಯ ಬಂದಿತು, ಆದ್ದರಿಂದ ಇವನ್ನು ದಿನವೂ ಒರೆಸಿದವರ ಪರವಾಗಿ ನಾನು ಬರೆಯುತ್ತಿದ್ದೇನೆ. ನನ್ನ ತವರಿನಲ್ಲಿ ಇಂಥ ಸೋಫಾ ಇತ್ತು. ಅದರ ಎಲೆಗಳ ಸಂದಿಯಿಂದ ಧೂಳು ತೆಗೆಯುವ ಕೆಲಸ ಎಂಟನೆಯ ವಯಸ್ಸಿನಿಂದ ನನ್ನದಾಗಿತ್ತು. ಇಂಗ್ಲೆಂಡಿನಲ್ಲಿಯೂ ಆ ಪಾರ್ಲರುಗಳ ಹೊಳಪು ನಿಂತದ್ದು ಕೆಲಸದ ಹುಡುಗಿಯರ ದುಡಿಮೆಯ ಮೇಲೆಯೇ. ಕಲ್ಲಿದ್ದಲಿನ ಮಸಿ ಕೂಡುವ ಆ ಕೋಣೆಗಳಲ್ಲಿ, ಧೂಳು ಏಳದಿರಲೆಂದು ಹಸಿ ಚಹಾಪುಡಿಯನ್ನು ಜಮಖಾನದ ಮೇಲೆ ಚೆಲ್ಲಿ ಗುಡಿಸುತ್ತಿದ್ದರು. ಕುರ್ಚಿಯ ಬೆನ್ನಿನ ಮೇಲೆ ಹೆಣಿಗೆಯ ಬಟ್ಟೆ ಹಾಸುವ ರೂಢಿ ಹುಟ್ಟಿದ್ದೂ ಒಗೆಯುವ ಕಷ್ಟ ತಪ್ಪಿಸಲೆಂದೇ. ಗಂಡಸರು ತಲೆಗೆ ಹಚ್ಚುತ್ತಿದ್ದ ಮಕಾಸರ್ ಎಣ್ಣೆ ಮಖಮಲ್ಲಿಗೆ ಹತ್ತಬಾರದೆಂದು ಅದನ್ನು ಹಾಸುತ್ತಿದ್ದರು. ನಮ್ಮ ಕಡೆ ಅದು ಬಂದು ಕ್ರೋಶಾ ಬಟ್ಟೆಯಾಯಿತು, ತಲೆಯ ಎಣ್ಣೆ ಕೊಬ್ಬರಿ ಎಣ್ಣೆಯಾಯಿತು.

ನನ್ನ ಅನುಭವದ ಮಾತು: ಒದ್ದೆ ಬಟ್ಟೆ ಬೇಡ. ಬಣ್ಣ ಬಳಿಯುವ ಮೆತ್ತನೆಯ ಹೊಸ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ಇಳಿಸಿ, ಹಳೆಯ ಹತ್ತಿ ಧೋತರದ ತುಂಡಿನಿಂದ ಒರೆಸಬೇಕು. ಬ್ರಷ್ಷಿನ ತಗಡಿನ ಕಟ್ಟಿಗೆ ಬಟ್ಟೆ ಸುತ್ತದಿದ್ದರೆ ಮರಕ್ಕೆ ಗೀರು ಬೀಳುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ: ಮಾಳಮಡ್ಡಿಯ ಮೊಮ್ಮಗ, ಧಾರವಾಡ

ಎಲ್ಲರಿಗೂ ನನ್ನ ಕೃತಜ್ಞತೆಗಳು. ಭಾನುವಾರ ಮನೆಯವರೆಲ್ಲರೂ ಕೂಡಿ ಒಂದು ಚಿಕ್ಕ ಕುರ್ಚಿ ಮತ್ತು ಗಿಡ್ಡ ಕುರ್ಚಿಯನ್ನು ಬೋರಲು ಹಾಕಿದೆವು. ಕಂಡದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ರೆಕ್ಸಿನ್ನಿನ ಕೆಳಗೆ ತೆಂಗಿನ ನಾರು, ಅದರ ಕೆಳಗೆ ಗೋಣಿತಟ್ಟು, ಅದರ ಕೆಳಗೆ ಅಡ್ಡಲಾಗಿ ಮೊಳೆ ಹೊಡೆದ ಹಲಗೆಯ ತುಂಡುಗಳು. ಸ್ಪ್ರಿಂಗ್ ಇಲ್ಲ. ಆ ಹಲಗೆಗಳನ್ನು ತೆಗೆದಾಗ ಚೌಕಟ್ಟಿನ ಒಳ ಅಂಚಿನ ಸುತ್ತಲೂ ಸಾಲಾಗಿ ತೂತುಗಳು ಕಂಡವು. ಕೆಲವು ತೂತುಗಳಲ್ಲಿ ಬೆತ್ತದ ಎಳೆಗಳು ಮುರಿದು ಉಳಿದಿದ್ದವು. ಚೌಕಟ್ಟು ಹೊರಗಿನದೇ ಕರಿಮರ. ಮೂಲೆಗಳ ಆಧಾರದ ತುಂಡುಗಳು ಹೊನ್ನಿನ ಕಂದು ಬಣ್ಣದ ಸಾಗವಾನಿ. ಗರಗಸದ ಗೀರುಗಳು ನೇರವಾಗಿವೆ, ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ವಿರಳವಾಗಿ. ಬಿಚ್ಚಿದ ಎರಡು ಸ್ಕ್ರೂಗಳ ತುದಿ ಚೂಪಾಗಿದೆ. ಗಾಲಿಗಳ ಮೇಲೆ ಯಾವ ಮುದ್ರೆಯೂ ಇಲ್ಲ. ಗಿಡ್ಡ ಕುರ್ಚಿಯ ಪಕ್ಕದಲ್ಲಿ ಕೈ ಮುರಿದ ಗುರುತಾಗಲಿ ತುಂಬಿದ ತೂತಾಗಲಿ ಕಾಣಲಿಲ್ಲ. ಅಲ್ಲಿ ಕೆತ್ತನೆ ಅಖಂಡವಾಗಿ ಸಾಗಿದೆ. ಇದನ್ನು ನೋಡಿದ ನನ್ನ ಸೋದರತ್ತೆ ಒಂದು ಮಾತು ಹೇಳಿದರು. ಅಜ್ಜಿ ಯಾವಾಗಲೂ ಆ ಗಿಡ್ಡ ಕುರ್ಚಿಯನ್ನೇ ಆರಿಸಿಕೊಳ್ಳುತ್ತಿದ್ದರಂತೆ. ಕಚ್ಚೆ ಸೀರೆಯುಟ್ಟು ಅದರ ಮೇಲೆ ಕಾಲು ಮಡಚಿ ಕೂಡಲು ಬರುತ್ತಿತ್ತು, ಕೈಗಳು ಅಡ್ಡ ಬರುತ್ತಿರಲಿಲ್ಲ ಎಂದು.

ಇನ್ನೊಂದು ಸಂದೇಹ. ದ್ರಾಕ್ಷಿಯ ಪಕ್ಕದ ಎಲೆಗಳು ದ್ರಾಕ್ಷಿಯ ಎಲೆಗಳಿಗಿಂತ ಹೆಚ್ಚಾಗಿ ನಮ್ಮ ಹೊಲದ ಹತ್ತಿಯ ಎಲೆಗಳನ್ನು ಹೋಲುತ್ತವೆ ಎಂದು ತಂದೆಯವರು ಹೇಳುತ್ತಾರೆ. ಕೆತ್ತಿದವನು ದ್ರಾಕ್ಷಿಯ ಬಳ್ಳಿಯನ್ನೇ ಕಂಡಿರಲಿಲ್ಲವೇ?

ಉತ್ತರ 5: ಕೆತ್ತನೆ ಕೆಲಸದವ, ಹುಬ್ಬಳ್ಳಿ

ತಾವು ಕಂಡದ್ದೆಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತದೆ. ಇವು ಈ ದೇಶದಲ್ಲಿ, ಈ ದೇಶದ ಮರದಿಂದ, ನಮ್ಮವರ ಕೈಯಲ್ಲಿ ತಯಾರಾದ ಕುರ್ಚಿಗಳು. ಬೆತ್ತದ ತೂತುಗಳು ಮುಖ್ಯವೆಂದು ನಾನು ಬರೆದದ್ದು ಇದಕ್ಕಾಗಿಯೇ. ಇಂಗ್ಲೆಂಡಿನ ಚಳಿಯಲ್ಲಿ ಕುದುರೆಯ ಕೂದಲು ತುಂಬಿದ ಮೆತ್ತನೆಯ ಆಸನ ಹಿತ. ನಮ್ಮ ಬೇಸಿಗೆಯಲ್ಲಿ ಅದು ಬೆವರನ್ನು ಹಿಡಿಯುತ್ತದೆ, ಮಳೆಗಾಲದಲ್ಲಿ ಮುಗ್ಗಲು ಬಂದು ಹುಳುಗಳಿಗೆ ಮನೆಯಾಗುತ್ತದೆ. ಅದಕ್ಕಾಗಿ ಸಾಹೇಬರು ಮಾದರಿಯನ್ನು ತಮ್ಮ ದೇಶದಿಂದ ತಂದರೂ ಆಸನವನ್ನು ಗಾಳಿಯಾಡುವ ಬೆತ್ತದ ಹೆಣಿಗೆಯಲ್ಲಿ ಮಾಡಿಸಿಕೊಳ್ಳುತ್ತಿದ್ದರು. ಮುಂಬಯಿಯಲ್ಲಿ ಇಂಥ ಕರಿಮರದ ಕೆತ್ತನೆಯ ದೊಡ್ಡ ಉದ್ಯಮವೇ ಇತ್ತು. ಅಲ್ಲಿಂದ ಬಂದವೋ, ಉತ್ತರ ಕನ್ನಡದ ಕಾಡಿನ ಬೀಟೆ ತಂದು ನಮ್ಮ ಸೀಮೆಯಲ್ಲಿಯೇ ಮಾಡಿದವೋ, ಅಷ್ಟು ಖಚಿತವಾಗಿ ಮರ ಹೇಳಲಾರದು. ಈ ಮಾದರಿಗಳನ್ನು ಇಲ್ಲಿ ಮೂಲದ ಫ್ಯಾಶನ್ ಹೋದ ಮೇಲೂ ದಶಕಗಳವರೆಗೆ ಮಾಡುತ್ತಿದ್ದರು, ಆದ್ದರಿಂದ ರಾಣಿಯ ಆಳಿಕೆಯ ಕೊನೆಯ ಭಾಗದವು ಎಂದರೆ ಹೆಚ್ಚು ಸರಿಯಾದೀತು.

ಎಲೆಯ ವಿಷಯದಲ್ಲಿ ಅವಸರದ ತೀರ್ಮಾನ ಬೇಡ. ದ್ರಾಕ್ಷಿ ಮತ್ತು ಹತ್ತಿಯ ಎಲೆಗಳೆರಡೂ ಅಂಗೈಯಂತೆ ಹಾಲೆಗಳಾಗಿ ಸೀಳಿರುತ್ತವೆ. ಕೆತ್ತುವವನು ಕಾಗದದ ಮಾದರಿಯನ್ನು ಮರದ ಮೇಲೆ ಇಳಿಸಿಕೊಂಡು ಕೆಲಸ ಮಾಡುತ್ತಾನೆ. ಆದರೂ ತಾವು ಕಳಿಸಿದ ಹತ್ತಿರದ ಚಿತ್ರದಲ್ಲಿ ಎಡಬದಿಯ ಎಲೆಯ ಅಂಚಿನ ಹಲ್ಲುಗಳು ಆಳವಾಗಿವೆ, ಬಲಬದಿಯದರಲ್ಲಿ ಇಲ್ಲ. ಇಬ್ಬರು ಕೆತ್ತಿದ್ದಾರೆ, ಅಥವಾ ಒಬ್ಬನೇ ಬೇರೆ ಬೇರೆ ದಿನ ಕೆತ್ತಿದ್ದಾನೆ. ಯಂತ್ರ ಹೀಗೆ ಮಾಡುವುದಿಲ್ಲ. ಉಜ್ಜುವ ಯಂತ್ರ ಹಾಕಿದರೆ ಮೊದಲು ಹೋಗುವುದು ಈ ಹಲ್ಲುಗಳೇ. ಒಮ್ಮೆ ಹೋದ ಮೇಲೆ ಅವನ್ನು ಮರಳಿ ತರುವ ವಿದ್ಯೆ ನನ್ನಲ್ಲಿಯೂ ಇಲ್ಲ.

ಈಗ ಪಾಲಿಶ್. ಮೂಲದ ಮೆರುಗು ಅರಗಿನದೇ ಎಂದು ನನ್ನ ಊಹೆ. ಅರಗಿನ ಈ ಮೆರುಗಿಗೆ ಇರುವ ಫ್ರೆಂಚ್ ಪಾಲಿಶ್ ಎಂಬ ಹೆಸರು ಪರದೇಶದ್ದಾದರೂ ಅದರ ಜೀವಾಳವಾದ ಅರಗು ನಮ್ಮ ದೇಶದ ಮುತ್ತುಗ, ಬೋರೆ ಮುಂತಾದ ಗಿಡಗಳ ಮೇಲೆ ಬಾಳುವ ಹುಳುವಿನಿಂದ ಬರುವಂಥದು. ಪರೀಕ್ಷೆ ಸುಲಭ: ಹಿಂಗಾಲಿನ ಒಳಬದಿಯಲ್ಲಿ, ಸ್ಪಿರಿಟ್ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಹಿಡಿಯಿರಿ. ಅಂಟಂಟಾಗಿ ಕರಗಿದರೆ ಅರಗು. ಏನೂ ಆಗದಿದ್ದರೆ ಮೇಲೆ ಬೇರೆ ವಾರ್ನಿಶ್ ಬಂದಿದೆ. ಅರಗಾಗಿದ್ದರೆ ಕೆರೆದು ತೆಗೆಯುವ ಅಗತ್ಯವೇ ಇಲ್ಲ. ಕೊಳೆಯನ್ನು ಒಣಬಟ್ಟೆಯಿಂದ ತೆಗೆದು, ಹತ್ತಿ ತುಂಬಿದ ಬಟ್ಟೆಯ ಉಂಡೆಯಿಂದ ತೆಳುವಾದ ಅರಗಿನ ಪಾಲಿಶನ್ನು ಹಳೆಯದರ ಮೇಲೆಯೇ ಕೊಡಬಹುದು. ಹೊಸದರಲ್ಲಿರುವ ಸ್ಪಿರಿಟ್ ಹಳೆಯದನ್ನು ತುಸು ಕರಗಿಸಿಕೊಂಡು ಒಂದಾಗುತ್ತದೆ. ಪಿಯು ಪಾಲಿಶ್ ಗಟ್ಟಿ ನಿಜ, ಬಿಸಿ ಲೋಟ ಇಟ್ಟರೂ ಕಲೆಯಾಗುವುದಿಲ್ಲ. ಆದರೆ ಮುಂದೆ ಎಂದಾದರೂ ಅದನ್ನು ತೆಗೆಯಬೇಕಾದರೆ ಮರದ ಮೈಯನ್ನೂ ಕೆರೆಯಬೇಕಾಗುತ್ತದೆ. ಮಳೆಗಾಲದಲ್ಲಿ ಅರಗಿನ ಪಾಲಿಶ್ ಮಾಡಬೇಡಿರಿ, ಹಸಿಗಾಳಿಗೆ ಬೆಳ್ಳಗೆ ಮಂಜು ಕಟ್ಟುತ್ತದೆ. ದೀಪಾವಳಿಯ ಆಚೆಗೆ ಇಟ್ಟುಕೊಳ್ಳಿರಿ.

ಅಲುಗಾಡುವ ಕೂಡುಗಳಿಗೆ ಫೆವಿಕಾಲ್ ಹಾಕುವ ಮೊದಲು ಯೋಚಿಸಿರಿ. ಹಳೆಯ ಕೆಲಸದಲ್ಲಿ ಬಳಸಿದ್ದು ಚರ್ಮ ಮತ್ತು ಎಲುಬು ಕುದಿಸಿ ಮಾಡಿದ ಸರೇಸು. ಬಿಸಿನೀರಿನ ಆವಿಗೆ ಅದು ಬಿಟ್ಟುಕೊಡುತ್ತದೆ, ಹೀಗಾಗಿ ಮರಕ್ಕೆ ಪೆಟ್ಟಾಗದಂತೆ ಕೂಡುಗಳನ್ನು ಬಿಚ್ಚಿ ಮತ್ತೆ ಸೇರಿಸಬಹುದು. ಇಂದಿಗೂ ಸರೇಸು ಸಿಗುತ್ತದೆ.

ಆಸನಗಳಿಗೆ ಫೋಮ್ ಬೇಡ, ಬೆತ್ತ ಹೆಣೆಸಿರಿ. ಯಾವುದನ್ನೂ ಮುಟ್ಟದೆ ವಸ್ತುಸಂಗ್ರಹಾಲಯದಂತೆ ಇಡಬೇಕೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕುರ್ಚಿಯ ಮೇಲೆ ಕೂಡಬೇಕು. ತೂತುಗಳು ಹೇಗೂ ಇವೆ, ಹೊಸದೇನನ್ನೂ ಕೊರೆಯಬೇಕಾಗಿಲ್ಲ. ತೆಗೆದ ಹಲಗೆ ಮತ್ತು ನಾರನ್ನು ಮಾತ್ರ ಒಂದು ಚೀಲದಲ್ಲಿ ಕಟ್ಟಿ, ದಿನಾಂಕ ಬರೆದಿಡಿರಿ. ಹೆಣೆಯುವವರಿಗೆ ಮೊದಲು ಚಿಕ್ಕ ಕುರ್ಚಿಯೊಂದನ್ನು ಮಾತ್ರ ಕೊಟ್ಟು ಕೈ ನೋಡಿ, ಆಮೇಲೆ ಸೋಫಾ ಕೊಡುವುದು ಒಳ್ಳೆಯದು.

ಹಾವೇರಿಯವರಿ​ಗೆ: ಎಣ್ಣೆಯ ಕಲೆ ಮರದ ಒಳಗಿಳಿದಿದ್ದರೆ ತೆಗೆಯಲು ಹೋಗಬೇಡಿರಿ. ಕುಂಕುಮವನ್ನು ಒಣಬ್ರಷ್ಷಿನಿಂದ ಬಂದಷ್ಟು ತೆಗೆದು, ಉಳಿದದ್ದನ್ನು ಬಿಡಿರಿ. ಮುಂದಿನ ಗಣಪತಿಗೆ ದೀಪದ ಕೆಳಗೆ ಒಂದು ಹಿತ್ತಾಳೆಯ ತಟ್ಟೆ ಇಟ್ಟರೆ ಸಾಕು.

ಉತ್ತರ 6: ಇತಿಹಾಸದ ವಿದ್ಯಾರ್ಥಿನಿ, ಗದಗ

ವ್ಯಾಪಾರಿಯ ಮಾತಿಗೆ ಒಂದು ಉತ್ತರ ಬಾಕಿ ಇದೆ. ಇಂಗ್ಲೆಂಡಿನದಲ್ಲವಾದ್ದರಿಂದ ಬೆಲೆಯಿಲ್ಲ ಎಂಬುದನ್ನು ನಂಬಬೇಡಿರಿ. ಇಂಗ್ಲೆಂಡಿನ ಕಾರ್ಖಾನೆಗಳಿಂದ ಹೊರಬಂದ ಸೆಟ್ಟುಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಬೀಟೆ ಮರದಲ್ಲಿ, ಬೆತ್ತದ ಆಸನದೊಡನೆ, ಏಳೂ ಒಟ್ಟಿಗೆ ಉಳಿದು, ಯಾರು ಯಾರಿಂದ ಕೊಂಡರೆಂಬ ಮನೆಯ ಕಥೆಯೂ ಜೊತೆಗಿರುವ ಸೆಟ್ಟು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕಾನೂನಿನ ಒಂದು ಮಾತೂ ತಿಳಿದಿರಲಿ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೌಶಲದ ವಸ್ತುಗಳು ಪುರಾವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಬೀಟೆ ಮರವೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿದೆ. ಮನೆಯಲ್ಲಿಟ್ಟುಕೊಂಡು ಬಳಸಲು ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ ಕೇಳಿದವರ ಮರುಬರಹ: ಮಾಳಮಡ್ಡಿಯ ಮೊಮ್ಮಗ, ಧಾರವಾಡ

ಸ್ಪಿರಿಟ್ಟಿನ ಪರೀಕ್ಷೆ ಮಾಡಿದೆ, ಅಂಟಂಟಾಗಿ ಕರಗಿತು. ಪಿಯು ಪಾಲಿಶಿಗೆ ಹೇಳಿದ್ದನ್ನು ರದ್ದು ಮಾಡಿದ್ದೇನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಮುತ್ತಜ್ಜನವರ ಮೂರು ವಹಿಗಳು ಸಿಕ್ಕಿವೆ. ಎಲ್ಲವೂ ಮೋಡಿ ಅಕ್ಷರದಲ್ಲಿ, ಎಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇರುವುದರಿಂದ ನನಗೆ ಓದಲು ಬರುತ್ತಿಲ್ಲ. ಮೋಡಿ ಓದಬಲ್ಲವರು ಧಾರವಾಡದಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿರಿ. ಬೆತ್ತ ಹೆಣೆಯುವವರು ಬರುವ ಸೋಮವಾರ ಮೊದಲ ಚಿಕ್ಕ ಕುರ್ಚಿಯನ್ನು ಒಯ್ಯುತ್ತಾರೆ.